ಕಟೌಟಿನ ನೆರಳಲ್ಲಿ ನಮ್ಮ ಹುಡುಗರು

2024ರ ಜನವರಿ 7ರ ನಡುರಾತ್ರಿ ಗದಗ ಜಿಲ್ಲೆ ಲಕ್ಷ್ಮೇಶ್ವರ ತಾಲೂಕಿನ ಸೂರಣಗಿ ಗ್ರಾಮದಲ್ಲಿ ಮೂವರು ಹುಡುಗರು ಸತ್ತರು. ಬೆಳಗಾದರೆ ನಟ ಯಶ್ ಅವರ ಹುಟ್ಟುಹಬ್ಬ. ಇಪ್ಪತ್ತೈದು ಅಡಿ ಎತ್ತರದ ಕಟೌಟನ್ನು ಎತ್ತಿ ನಿಲ್ಲಿಸುವಾಗ ಅದರ ಚೌಕಟ್ಟು ಮೇಲಿನ ವಿದ್ಯುತ್ ತಂತಿಗೆ ತಾಗಿತು. ಮೂವರು ಅಲ್ಲಿಯೇ ಹೋದರು, ಇನ್ನು ಮೂವರು ಗಾಯಗೊಂಡು ಆಸ್ಪತ್ರೆ ಸೇರಿದರು. ಮರುದಿನ ಸಾಂತ್ವನ ಹೇಳಲು ಬಂದ ನಟರ ವಾಹನಗಳ ಹಿಂದೆ ಬೈಕಿನಲ್ಲಿ ಹೊರಟ ಇನ್ನೊಬ್ಬ ಯುವಕ ಗದಗಿನಲ್ಲಿ ಅಪಘಾತಕ್ಕೀಡಾಗಿ ಪ್ರಾಣ ಬಿಟ್ಟ. ಒಂದು ಹುಟ್ಟುಹಬ್ಬಕ್ಕೆ ನಾಲ್ಕು ಹೆಣ.

ಇದರ ತಪ್ಪನ್ನು ಯಶ್ ಅವರೊಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆ ವರ್ಷ ಹುಟ್ಟುಹಬ್ಬ ಆಚರಿಸುವುದಿಲ್ಲ ಎಂದು ಅವರು ಮೊದಲೇ ಹೇಳಿದ್ದರು. ಸುದ್ದಿ ಕೇಳಿದ ದಿನವೇ ಆ ಊರಿಗೆ ಬಂದರು, ಅಭಿಮಾನವನ್ನು ಹೀಗೆ ತೋರಿಸಬೇಡಿ ಎಂದು ಕೇಳಿಕೊಂಡರು. ಟೀವಿಯವರು ಎರಡು ದಿನ ತೋರಿಸಿದರು. ಮಂತ್ರಿಗಳು ಪರಿಹಾರ ಘೋಷಿಸಿದರು. ಅಲ್ಲಿಗೆ ಎಲ್ಲರ ಕರ್ತವ್ಯ ಮುಗಿಯಿತು. ಕಟೌಟು ಕಟ್ಟುವುದೇನೂ ನಿಂತಿಲ್ಲ. ನಟ ಬದಲಾಗುತ್ತಾನೆ, ಊರು ಬದಲಾಗುತ್ತದೆ, ಏಣಿ ಹತ್ತುವವನು ಮಾತ್ರ ಅದೇ ವಯಸ್ಸಿನ, ಅದೇ ಬಡತನದ ಹುಡುಗ.

ಸೂರಣಗಿ ನಮ್ಮ ಮೂಡಲಗಿಗೆ ಬೇರೆ ಊರೇನಲ್ಲ. ಕಬ್ಬಿನ ಹಂಗಾಮಿನಲ್ಲಿ ನಮ್ಮ ರಸ್ತೆಯ ಮೇಲೆ ನಿಂತು ನೋಡಿ. ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೊಬ್ಬ ನಟ, ಟ್ರಾಲಿಯ ಹಿಂಬದಿಗೆ ಇನ್ನೊಬ್ಬ ನಟ, ಓಡಿಸುವವನ ಮುಂಗೈ ಮೇಲೆ ಅದೇ ನಟನ ಹೆಸರಿನ ಹಚ್ಚೆ. ಗಾಡಿಯ ಕಂತು ಇನ್ನೂ ತೀರಿರುವುದಿಲ್ಲ. ಸಾಲದ ಮೇಲಿನ ಗಾಡಿಗೆ ಕೋಟ್ಯಧಿಪತಿಯ ಚಿತ್ರ! ಇದನ್ನು ಹುಡುಗಾಟಿಕೆ ಎಂದು ನಕ್ಕು ಬಿಡುವವರಿದ್ದಾರೆ. ನನಗೆ ನಗು ಬರುವುದಿಲ್ಲ. ಇದರ ಹಿಂದೆ ದೊಡ್ಡದೊಂದು ವ್ಯಾಪಾರವಿದೆ, ಆ ವ್ಯಾಪಾರದಲ್ಲಿ ಕೂಲಿ ಕೊಡದೆ ದುಡಿಸಿಕೊಳ್ಳುವ ಜೀತಗಾರರು ನಮ್ಮ ಮಕ್ಕಳು. ಈ ಮಾತು ಕಟುವಾಗಿ ಕೇಳಿಸಬಹುದು. ಆದರೂ ಹೇಳಲೇಬೇಕಾಗಿದೆ.

ಲೆಕ್ಕ ಹಾಕಿ ನೋಡೋಣ. ಒಂದು ದೊಡ್ಡ ಚಿತ್ರ ಬಿಡುಗಡೆಯಾದರೆ ಊರಿನ ಅಭಿಮಾನಿ ಸಂಘದವರು ತಮ್ಮೊಳಗೇ ಚಂದಾ ಎತ್ತುತ್ತಾರೆ. ಫ್ಲೆಕ್ಸು, ಪಟಾಕಿ, ಡಿ.ಜೆ., ಹೂವಿನ ಹಾರ, ಈಚೆಗೆ ಕ್ರೇನಿನಿಂದ ತೂಗಿ ಬಿಡುವ ಸೇಬಿನ ಹಾರ, ಕಟೌಟಿನ ನೆತ್ತಿಗೆ ಸುರಿಯುವ ಹಾಲು, ಇವೆಲ್ಲ ಆ ಚಂದಾದಿಂದಲೇ. ಹಾಗೆಂದರೆ ಚಿತ್ರದ ಪ್ರಚಾರದ ಖರ್ಚನ್ನು ಕಬ್ಬು ಕಡಿಯುವವನೂ ಗ್ಯಾರೇಜಿನ ಹುಡುಗನೂ ತಮ್ಮ ಜೇಬಿನಿಂದ ಕೊಡುತ್ತಾರೆ. ಆಮೇಲೆ ಅವರೇ ಟಿಕೆಟ್ಟನ್ನೂ ಕೊಳ್ಳುತ್ತಾರೆ. ಯಾವ ವ್ಯಾಪಾರದಲ್ಲಿ ಗಿರಾಕಿಯೇ ಜಾಹೀರಾತಿನ ಖರ್ಚು ಕೊಟ್ಟು, ಹಮಾಲಿ ಮಾಡಿ, ಕೊನೆಗೆ ಮಾಲನ್ನೂ ಪೂರಾ ಬೆಲೆಗೆ ಕೊಂಡುಕೊಳ್ಳುತ್ತಾನೆ? ಸಾಬೂನು ಮಾರುವವನಿಗೆ ಇಂಥ ಭಾಗ್ಯವಿಲ್ಲ. ಎಣ್ಣೆ ಮಾರುವವನಿಗೂ ಇಲ್ಲ. ಸಿನಿಮಾದವನಿಗೆ ಮಾತ್ರ ಇದೆ.

ಆ ಪೂರಾ ಬೆಲೆ ಎಷ್ಟೆಂಬುದೂ ಈಗ ಸಣ್ಣ ವಿಷಯವಾಗಿ ಉಳಿದಿಲ್ಲ. 2025ರ ಸೆಪ್ಟೆಂಬರ್ 12ರಂದು ರಾಜ್ಯ ಸರ್ಕಾರ, ತೆರಿಗೆ ಬಿಟ್ಟು ಟಿಕೆಟ್ ದರ 200 ರೂಪಾಯಿ ಮೀರಬಾರದೆಂದು ಅಧಿಸೂಚನೆ ಹೊರಡಿಸಿತು. ಸೆಪ್ಟೆಂಬರ್ 23ರಂದು ಹೈಕೋರ್ಟ್ ಅದಕ್ಕೆ ಮಧ್ಯಂತರ ತಡೆ ಕೊಟ್ಟಿತು. ಅಕ್ಟೋಬರ್ 2ರಂದು 'ಕಾಂತಾರ ಅಧ್ಯಾಯ 1' ತೆರೆಗೆ ಬಂತು. ತಡೆ ಕೇಳಿ ಹೋದವರಲ್ಲಿ ಮಲ್ಟಿಪ್ಲೆಕ್ಸಿನವರಷ್ಟೇ ಅಲ್ಲ, ಆ ಚಿತ್ರ ತೆಗೆದ ಹೊಂಬಾಳೆ ಫಿಲ್ಮ್ಸ್ ಕೂಡ ಇತ್ತು. ನ್ಯಾಯಾಲಯಕ್ಕೆ ಹೋಗುವುದು ಅವರ ಹಕ್ಕು, ಅದನ್ನು ಯಾರೂ ಕಸಿಯುವಂತಿಲ್ಲ. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ವೇದಿಕೆ ಹತ್ತಿದಾಗ 'ನೀವೇ ನಮ್ಮ ದೇವರು' ಎನ್ನುವ ಉದ್ಯಮ, ಆ ದೇವರುಗಳಿಂದ 200 ರೂಪಾಯಿಗಿಂತ ಹೆಚ್ಚು ಕಾಣಿಕೆ ಪಡೆಯುವ ಹಕ್ಕಿಗಾಗಿ ವಕೀಲರನ್ನು ಇಟ್ಟುಕೊಂಡು ಹೊಡೆದಾಡುತ್ತದೆ. ದೇವರೇ ಭಕ್ತನಿಗೆ ಕಾಣಿಕೆ ಹಾಕುವ ಪದ್ಧತಿ ಯಾವ ಧರ್ಮದಲ್ಲೂ ನಾನು ಕಂಡಿಲ್ಲ.

ಇಷ್ಟೆಲ್ಲ ಕೊಟ್ಟವನಿಗೆ ಪರದೆಯ ಮೇಲೆ ಸಿಗುವುದೇನು? 'ಕೆ.ಜಿ.ಎಫ್.' ಚಿತ್ರವನ್ನೇ ತೆಗೆದುಕೊಳ್ಳಿ. 2018ರಲ್ಲಿ ಮೊದಲ ಭಾಗ ಬಂತು, 2022ರ ಏಪ್ರಿಲ್‌ನಲ್ಲಿ ಎರಡನೆಯದು. ಎರಡನೆಯ ಭಾಗ ಸಾವಿರ ಕೋಟಿ ದಾಟಿತೆಂದು ಪತ್ರಿಕೆಗಳು ಬರೆದವು. ಕನ್ನಡ ಚಿತ್ರವೊಂದು ದೇಶವನ್ನೆಲ್ಲ ಗೆದ್ದಿತೆಂದು ನಾವೂ ಎದೆಯುಬ್ಬಿಸಿದೆವು. ಆದರೆ ನಿಜವಾದ ಕೋಲಾರ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಬಾಗಿಲು ಹಾಕಿತು. ನೂರಿಪ್ಪತ್ತು ವರ್ಷ ಭೂಮಿಯ ಹೊಟ್ಟೆಯೊಳಗೆ ಇಳಿದು ದುಡಿದವರು ಬಹುಪಾಲು ತಮಿಳು ಮಾತಾಡುವ ದಲಿತರು. ಸಾವಿರಾರು ಕುಟುಂಬಗಳ ಅನ್ನ ಒಂದೇ ದಿನದಲ್ಲಿ ಹೋಯಿತು. ಬಾಕಿ ಹಣಕ್ಕಾಗಿ, ವಾಸದ ಮನೆಗಾಗಿ ಅವರು ವರ್ಷಗಟ್ಟಲೆ ಅಲೆದರು. ಅವರ ಮಕ್ಕಳು ನಸುಕಿನ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುತ್ತಾರೆ. ಆ ಊರಿನ ಸಯನೈಡ್ ದಿಬ್ಬಗಳ ಮೇಲೆಯೇ ಚಿತ್ರೀಕರಣ ನಡೆಯಿತು, ಆ ಊರಿನ ಹೆಸರೇ ಚಿತ್ರದ ಹೆಸರಾಯಿತು, ಆ ಜನ ಮಾತ್ರ ಚಿತ್ರದಲ್ಲಿಲ್ಲ. ಚಿತ್ರದಲ್ಲಿರುವ ಕಾರ್ಮಿಕನಿಗೆ ಹೆಸರಿಲ್ಲ, ಮಾತಿಲ್ಲ, ಸಂಘವಿಲ್ಲ. ಅವನು ಒಬ್ಬ ರಕ್ಷಕನಿಗಾಗಿ ಕಾಯುತ್ತಾ ಮಸಿ ಬಳಿದುಕೊಂಡು ನಿಂತಿರುತ್ತಾನೆ. ರಕ್ಷಕ ಬಂದರೆ ಜೈಕಾರ ಹಾಕುವುದಷ್ಟೇ ಅವನ ಕೆಲಸ. ಪರದೆಯ ಒಳಗೂ ಜೈಕಾರ, ಹೊರಗೂ ಜೈಕಾರ.

ನಮ್ಮ ಸೀಮೆ ಹೀಗಿರಲಿಲ್ಲ ಎಂಬುದೇ ನನ್ನ ತಕರಾರು. ಮೂಡಲಗಿಗೆ ಕೂಗಳತೆಯ ಕುಲಗೋಡದ ತಮ್ಮಣ್ಣ ಕಟ್ಟಿ ಬೆಳೆಸಿದ ಶ್ರೀಕೃಷ್ಣ ಪಾರಿಜಾತ ಈ ಮಣ್ಣಿನ ಆಟ. ಅದರಲ್ಲಿ ನಾಯಕ ಯಾರು? ಸಾಕ್ಷಾತ್ ಕೃಷ್ಣ. ಆ ಕೃಷ್ಣ ದಾರಿಗೆ ಅಡ್ಡ ನಿಂತರೆ ಹಾಲು ಮಾರುವ ಗೊಲ್ಲತಿ ಮಾತಿಗೆ ಮಾತು ಕೊಟ್ಟು ಅವನ ಬೆವರಿಳಿಸುತ್ತಾಳೆ. ಪಾರಿಜಾತದ ಹೂವನ್ನು ರುಕ್ಮಿಣಿಗೆ ಕೊಟ್ಟನೆಂದು ಸತ್ಯಭಾಮೆ ಅವನನ್ನು ಬಾಗಿಲ ಹೊರಗೆ ನಿಲ್ಲಿಸುತ್ತಾಳೆ. ದೂತಿ, ಭಾಗವತರು ನಡುನಡುವೆ ಬಂದು ದೊಡ್ಡವರ ಸಣ್ಣತನವನ್ನು ಎತ್ತಿ ಆಡುತ್ತಾರೆ. ಕೊನೆಗೆ ದೇವರೇ ಕೊರವಂಜಿಯ ವೇಷ ತೊಟ್ಟು ಹೆಂಡತಿಯ ಮನೆಗೆ ಬರಬೇಕಾಗುತ್ತದೆ. ಬೆಳತನಕ ಕೂತು ನೋಡುವ ಜನ ಇದನ್ನು ದೇವನಿಂದೆ ಎಂದು ತಿಳಿಯಲಿಲ್ಲ. ದೇವರನ್ನೂ ಕೇಳುವ ಹಕ್ಕು ಗೊಲ್ಲತಿಗಿದೆ ಎಂದು ತಿಳಿದರು. ಅಂಥ ಆಟ ಆಡಿದ ನೆಲದಲ್ಲಿ ಇಂದು ಪ್ಲೈವುಡ್ಡಿನ ನಟನಿಗೆ ಹಾಲೆರೆಯುತ್ತೇವೆ. ಗೊಲ್ಲತಿಯ ಹಾಲಿಗೂ ಈ ಹಾಲಿಗೂ ಎಷ್ಟು ದೂರ!

ಆಗ ತಾರೆಯರೇ ಇರಲಿಲ್ಲವೆಂದಲ್ಲ. ನಮ್ಮ ಕೌಜಲಗಿಯ ನಿಂಗಮ್ಮ ಪಾರಿಜಾತದ ದೊಡ್ಡ ಹೆಸರು, ಆಕೆಯ ಆಟಕ್ಕೆ ಜನ ಹರಿದು ಬರುತ್ತಿದ್ದರು. ಬೀಳಗಿಯಲ್ಲಿ ಹುಟ್ಟಿದ ಅಮೀರ್‌ಬಾಯಿ ಕರ್ನಾಟಕಿ ನಾಟಕ ಕಂಪನಿಯಿಂದ ಮುಂಬಯಿಗೆ ಹೋಗಿ, 1943ರ 'ಕಿಸ್ಮತ್' ಚಿತ್ರದ ಹಾಡುಗಳಿಂದ ದೇಶವನ್ನೇ ಮರುಳು ಮಾಡಿದಳು. ಬೀಳಗಿಯ ಆ ಮುಸ್ಲಿಂ ಹೆಣ್ಣುಮಗಳು 'ನರಸಿ ಭಗತ್' ಚಿತ್ರದಲ್ಲಿ ವೈಷ್ಣವ ಭಜನೆ ಹಾಡಿದಾಗ ಯಾರೂ ಅವಳ ಜಾತಿ ಕೇಳಲಿಲ್ಲ. ರಹಮತ್ ತರೀಕೆರೆಯವರು ಆಕೆಯ ಬದುಕನ್ನು ಪುಸ್ತಕವಾಗಿಸಿದ ಮೇಲೆಯೇ ನಮ್ಮಲ್ಲಿ ಎಷ್ಟೋ ಜನಕ್ಕೆ ಆಕೆ ನಮ್ಮವಳೆಂದು ಗೊತ್ತಾಯಿತು. ಆ ಕಾಲವನ್ನು ಚಿನ್ನದ ಕಾಲವೆಂದು ಹೊಗಳುವ ಹುಚ್ಚು ನನಗಿಲ್ಲ. ರಂಗದ ಮೇಲಿನ ಹೆಣ್ಣನ್ನು ರಾತ್ರಿ ಹೊಗಳಿ ಹಗಲು ಹೀಯಾಳಿಸಿದ ಸಮಾಜ ಅದು. ಆದರೂ ಆ ತಾರೆಗಳು ಹಾಡಿಯೋ ಆಡಿಯೋ ತಾರೆಯಾದರು. ಅವರ ಮುಂದೆ ಕೂತವನು ಚೆನ್ನಾಗಿದ್ದರೆ 'ಭಲೆ' ಎನ್ನುತ್ತಿದ್ದ, ಶ್ರುತಿ ತಪ್ಪಿದರೆ ಎದ್ದು ಹೋಗುತ್ತಿದ್ದ. ಅವನು ರಸಿಕನಾಗಿದ್ದ, ಇನ್ನೂ ಸೈನಿಕನಾಗಿರಲಿಲ್ಲ.

ಈಗ ಅವನನ್ನು ಸೈನಿಕನನ್ನಾಗಿ ಮಾಡಲಾಗಿದೆ. 2024ರ ಜೂನ್‌ನಲ್ಲಿ ಚಿತ್ರದುರ್ಗದ ಯುವಕನೊಬ್ಬನ ಕೊಲೆ ಪ್ರಕರಣದಲ್ಲಿ ನಟ ದರ್ಶನ್ ಮತ್ತು ಇತರರ ಬಂಧನವಾಯಿತು. 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಅವರ ಜಾಮೀನನ್ನು ರದ್ದು ಮಾಡಿತು. ತಪ್ಪಿತಸ್ಥರು ಯಾರೆಂದು ನ್ಯಾಯಾಲಯ ಹೇಳಬೇಕು, ನಾನಲ್ಲ, ನೀವೂ ಅಲ್ಲ. ಆದರೆ ಅಭಿಮಾನಿಗಳಲ್ಲಿ ಒಂದು ಗುಂಪು ನ್ಯಾಯಾಲಯಕ್ಕೂ ಕಾಯಲಿಲ್ಲ. ಸತ್ತವನ ಮನೆಯವರಿಗೆ ನ್ಯಾಯ ಸಿಗಲೆಂದು ಹೇಳಿದ ನಟಿ ರಮ್ಯಾ ಅವರ ಮೇಲೆ 2025ರ ಜುಲೈನಲ್ಲಿ ಹೊಲಸು ಮಾತುಗಳ ಮಳೆ ಸುರಿಯಿತು. ಅವರು ಪೊಲೀಸರಿಗೆ ದೂರು ಕೊಡಬೇಕಾಯಿತು. ಆ ಮಾತುಗಳನ್ನು ಬರೆದವರು ಯಾರು? ಮನೆಯಲ್ಲಿ ಅಕ್ಕತಂಗಿಯರ ಜತೆ ಉಂಡು ಮಲಗುವ ಹುಡುಗರೇ. ಒಬ್ಬ ನಟನಿಗಾಗಿ ಗುರುತಿಲ್ಲದ ಹೆಣ್ಣಿನ ಮಾನಕ್ಕೆ ಕೈಹಾಕುವುದು ಅಭಿಮಾನವೆಂದು ಅವರಿಗೆ ಕಲಿಸಿದವರು ಯಾರು? ವರ್ಷಗಟ್ಟಲೆ ಇವರನ್ನು ಪಡೆ ಎಂದು, ಬಳಗ ಎಂದು ಕರೆದು, ಎದುರಾಳಿ ನಟನ ಅಭಿಮಾನಿಗಳ ಮೇಲೆ ಛೂ ಬಿಟ್ಟು, ಅದರಿಂದ ಮೊದಲ ವಾರದ ಗಳಿಕೆ ಎಣಿಸಿಕೊಂಡ ಉದ್ಯಮ ಇವತ್ತು ಕೈತೊಳೆದುಕೊಳ್ಳಲು ಬರುವುದಿಲ್ಲ.

ಅಭಿಮಾನವೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ವಿ.ಕೃ. ಗೋಕಾಕರ ವರದಿಗಾಗಿ ಎದ್ದ 1982ರ ಚಳವಳಿಗೆ ರಾಜ್‌ಕುಮಾರ್ ಇಳಿದಾಗ, ಸಾಹಿತಿಗಳ ಭಾಷಣ ಮುಟ್ಟದ ಹಳ್ಳಿಗಳಿಗೂ ಕನ್ನಡದ ಕೂಗು ಮುಟ್ಟಿತು. 2006ರ ಏಪ್ರಿಲ್‌ನಲ್ಲಿ ಅದೇ ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನ ಬೀದಿಗಳಲ್ಲಿ ಗಲಭೆಯಾಗಿ ಜೀವಗಳು ಹೋದವು. 2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ಅದನ್ನು ಕಂಡು ನಾಡಿನಲ್ಲಿ ಸಾವಿರಾರು ಜನ ನೇತ್ರದಾನಕ್ಕೆ ಹೆಸರು ಬರೆಸಿದರು. ಅದೇ ಜನ, ಅದೇ ಪ್ರೀತಿ. ಒಮ್ಮೆ ಅದು ಕಲ್ಲು ತೂರಿತು, ಒಮ್ಮೆ ಕಣ್ಣು ಕೊಟ್ಟಿತು. ಹಾಗಾದರೆ ಆ ಪ್ರೀತಿಯನ್ನು ಯಾವ ಕಾಲುವೆಗೆ ಹರಿಸುತ್ತೇವೆ ಎಂಬುದೇ ಪ್ರಶ್ನೆ.

'ಜನ ಬಯಸುವುದನ್ನೇ ನಾವು ಕೊಡುತ್ತೇವೆ' ಎಂಬುದು ಗಾಂಧಿನಗರದ ಹಳೆಯ ಉತ್ತರ. ಜನರಿಗೆ ಬೇರೆ ಯಾವುದನ್ನು ತೋರಿಸಿ ಕೇಳಿದ್ದೀರಿ? ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ ಬಿಸಿಯೂಟದ ಅಡುಗೆಯ ಹೆಣ್ಣುಮಗಳೊಬ್ಬಳ ಕಥೆಯನ್ನು ಜೈಶಂಕರ್ ಆರ್ಯರ್ 'ಶಿವಮ್ಮ' ಚಿತ್ರವಾಗಿಸಿದರು. ಸಾಲದ ಹೊರೆ ಇಳಿಯಲೆಂದು ಶಕ್ತಿಪೇಯ ಮಾರುವ ಜಾಲದ ವ್ಯಾಪಾರಕ್ಕೆ ಬಿದ್ದ ಹೆಣ್ಣು ಆಕೆ. ಆ ಪಾತ್ರ ಮಾಡಿದವರು ಅದೇ ಸೀಮೆಯ ಶರಣಮ್ಮ ಚಟ್ಟಿ, ಮೊದಲು ಕ್ಯಾಮರಾದ ಮುಂದೆ ನಿಂತವರಲ್ಲ. 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ಅದಕ್ಕೆ ದೊಡ್ಡ ಪ್ರಶಸ್ತಿ ಬಂತು. ಉತ್ಸವ್ ಗೊನವಾರರ 'ಫೋಟೋ' ಚಿತ್ರದಲ್ಲಿ ರಾಯಚೂರು ಸೀಮೆಯ ಹುಡುಗನೊಬ್ಬ ವಿಧಾನಸೌಧದ ಮುಂದೆ ಫೋಟೋ ತೆಗೆಸಿಕೊಳ್ಳುವ ಆಸೆಯಿಂದ ಬೆಂಗಳೂರಿಗೆ, ಕಟ್ಟಡ ಕೆಲಸದ ಅಪ್ಪನ ಬಳಿಗೆ ಹೋಗುತ್ತಾನೆ. ಅಷ್ಟರಲ್ಲಿ 2020ರ ಲಾಕ್‌ಡೌನ್ ಬರುತ್ತದೆ, ಅಪ್ಪ ಮಗ ನಡೆದೇ ಊರಿಗೆ ಹೊರಡುತ್ತಾರೆ. ಎರಡೂ ಚಿತ್ರಗಳು 2024ರಲ್ಲಿ ತೆರೆಗೆ ಬಂದವು. ಎರಡರಲ್ಲೂ ನಮ್ಮ ಉತ್ತರದ ಮಾತಿದೆ. ಆ ಮಾತು ಅಲ್ಲಿ ಹಾಸ್ಯದ ಸರಕಲ್ಲ, ನೋವಿನ ನುಡಿ. ದೊಡ್ಡ ಚಿತ್ರಗಳಲ್ಲಿ ನಾಯಕ ಮೈಸೂರು ಕಡೆಯ ಕನ್ನಡ ಆಡಿದರೆ 'ಹೌದ್ರೀ, ಯಾಕ್ರೀ' ಅನ್ನುವವನು ನಗಿಸಲಿಕ್ಕೆ ಬಂದವನೇ ಆಗಿರುತ್ತಾನಲ್ಲವೇ?

ಈಗ ಹೇಳಿ, ಇವೆರಡು ಚಿತ್ರಗಳನ್ನು ಮೂಡಲಗಿ, ಹುಕ್ಕೇರಿ, ಗೋಕಾಕಗಳಲ್ಲಿ ಎಷ್ಟು ಜನ ಪರದೆಯ ಮೇಲೆ ಕಂಡರು? ಬೂಸಾನಿಗೆ ಹೋದ ಶಿವಮ್ಮ ನಮ್ಮ ಬಿಸಿಯೂಟದ ಅಡುಗೆಯವರ ಮುಂದೆ ಬರಲಿಲ್ಲ. ತಾರೆಯ ಚಿತ್ರ ಬಂದರೆ ಇದ್ದಬದ್ದ ಪರದೆಯೆಲ್ಲ ಅದರದೇ. ಇಂಥ ಚಿತ್ರಕ್ಕೆ ದೊಡ್ಡ ಊರಿನ ಮಲ್ಟಿಪ್ಲೆಕ್ಸಿನಲ್ಲಿ, ಜನ ಕೆಲಸದ ಮೇಲಿರುವ ಹೊತ್ತಿನಲ್ಲಿ ಒಂದು ಆಟ ಕೊಟ್ಟು, ಜನ ಬರಲಿಲ್ಲವೆಂದು ನಾಲ್ಕನೆಯ ದಿನ ತೆಗೆದುಬಿಡುತ್ತಾರೆ. ಮೂಡಲಗಿಯ ಕೂಲಿಯವನು ಬೆಳಗಾವಿಯ ಮಲ್ಟಿಪ್ಲೆಕ್ಸಿಗೆ ಹೋಗಿಬರಬೇಕಾದರೆ ಒಂದು ದಿನದ ದುಡಿಮೆ ಬಿಡಬೇಕು, ಮೇಲೆ ಬಸ್ಸಿನ ಖರ್ಚು, ಟಿಕೆಟ್ಟು. ಅವನು ಹೋಗಲಿಲ್ಲವೆಂದರೆ ಅವನಿಗೆ ಅಭಿರುಚಿ ಇಲ್ಲವೆಂದು ತೀರ್ಮಾನಿಸುವುದು ಯಾವ ನ್ಯಾಯ?

ಈ ವಿಷಯದಲ್ಲಿ ಹೊಸ ಅಲೆಯ ನಿರ್ದೇಶಕರನ್ನೂ ನಾನು ಬಿಡಲಾರೆ. ನಮ್ಮ ಪಕ್ಕದ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಎಪ್ಪತ್ತರ ದಶಕದಲ್ಲಿಯೇ 'ಕರಿಮಾಯಿ', 'ಕಾಡುಕುದುರೆ' ಚಿತ್ರಗಳನ್ನು ಮಾಡಿದರು. 'ಕಾಡುಕುದುರೆ'ಯ ಹಾಡು ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ತಂದಿತು. ಆ ಚಿತ್ರಗಳ ಜೀವ ಇರುವುದು ಈ ಸೀಮೆಯ ಮಾತು, ಹಾಡು, ದೈವಗಳಲ್ಲಿ. ಇಂದು ಅವನ್ನು ನೋಡಬೇಕೆನ್ನುವ ಇಲ್ಲಿಯ ಕಾಲೇಜು ಹುಡುಗ ಎಲ್ಲಿಗೆ ಹೋಗಬೇಕು? ಅಂದಿನಿಂದ ಇಂದಿನವರೆಗೆ ಒಳ್ಳೆಯ ಚಿತ್ರವೆಂದರೆ ಹಳ್ಳಿಯಲ್ಲಿ ತೆಗೆದು ನಗರದಲ್ಲಿ ತೋರಿಸುವುದು ಎಂದಾಗಿಬಿಟ್ಟಿದೆ. ನಮ್ಮ ಬಡತನವನ್ನು ಕ್ಯಾಮರಾದಲ್ಲಿ ತುಂಬಿಕೊಂಡು ಹೋದವರು ತಿರುಗಿ ತಂದು ತೋರಿಸುವುದಿಲ್ಲ. ಸರ್ಕಾರದ ಸಹಾಯಧನಕ್ಕೆಂದೇ ತಯಾರಾಗಿ, ಹಣ ಕೈಸೇರಿದ ಮೇಲೆ ಡಬ್ಬಿ ಸೇರುವ ಚಿತ್ರಗಳ ಕಥೆ ಬೇರೆಯೇ. ಅದು ಜನರ ತೆರಿಗೆ ಹಣ. ಜನ ನೋಡದ ಚಿತ್ರಕ್ಕೆ ಜನರ ಹಣವೇಕೆ?

ನನ್ನ ಸಮುದಾಯಕ್ಕೂ ಎರಡು ಮಾತು. ತಾರೆಯ ಚಿತ್ರಗಳಲ್ಲಿ ಮುಸ್ಲಿಮನಿಗೆ ಮೀಸಲಾದ ಜಾಗಗಳು ನಮಗೆ ಗೊತ್ತು. ಒಂದೋ ನಾಯಕನಿಗಾಗಿ ಪ್ರಾಣ ಬಿಡುವ ಗೆಳೆಯ, ಇಲ್ಲವೇ ದುಬೈಯಲ್ಲಿ ಕೂತ ಖಳ. ಅದಕ್ಕೆ ಬೇಸರಪಡುವ ನಾವು, ನಮ್ಮನ್ನು ಮನುಷ್ಯರಾಗಿ ತೋರಿಸಿದ ಚಿತ್ರಗಳ ಬೆನ್ನಿಗೆ ನಿಂತಿದ್ದೇವೆಯೇ? ಬಾನು ಮುಷ್ತಾಕ್ ಅವರ ಕಥೆಯಿಂದ ಗಿರೀಶ ಕಾಸರವಳ್ಳಿ 'ಹಸೀನಾ' ಮಾಡಿದರು, ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ತೇಜಸ್ವಿಯವರ ಕಥೆಯನ್ನು ಅವರ ಓದುಗರೇ ಹಣ ಕೂಡಿಸಿ 2023ರಲ್ಲಿ 'ಡೇರ್‌ಡೆವಿಲ್ ಮುಸ್ತಾಫಾ' ಎಂಬ ಚಿತ್ರವಾಗಿಸಿದರು. ಅದರಲ್ಲಿ ಹಣ ಹಾಕಿದ ಎಷ್ಟೋ ಜನ ಮುಸ್ಲಿಮರಲ್ಲ. ನಮ್ಮ ಮೊಹಲ್ಲಾಗಳಲ್ಲಿ ಅದನ್ನು ಎಷ್ಟು ಜನ ಕಂಡರು? ಉರ್ದು ಶಾಲೆಯಲ್ಲಿ ಕಲಿತವನಾಗಿ ನಮ್ಮ ಹಿರಿಯರ ಒಂದು ಮಾತನ್ನು ಬಲ್ಲೆ: ಶಖ್ಸಿಯತ್ ಪರಸ್ತಿ, ಅಂದರೆ ವ್ಯಕ್ತಿಪೂಜೆ, ಸಲ್ಲದು. ಒಳ್ಳೆಯ ಮಾತು. ಆದರೆ ಸಿನಿಮಾವೇ ಹರಾಮ್ ಎಂದು ಶುಕ್ರವಾರ ಹೇಳಿ ಮುಗಿಸಿದರೆ ಹುಡುಗನ ಕೈಯ ಮೊಬೈಲು ಆರುವುದಿಲ್ಲ. ಅವನು ಮರೆಯಲ್ಲಿ ಅದೇ ಕತ್ತಿ, ಅದೇ ರಕ್ತ ನೋಡುತ್ತಾನೆ. ಯಾವುದನ್ನು ನೋಡಬೇಕು, ಹೇಗೆ ನೋಡಬೇಕು ಎಂದು ಪಕ್ಕದಲ್ಲಿ ಕೂತು ಹೇಳುವವರು ಬೇಕಾಗಿದ್ದಾರೆ.

ಹಾಗಾದರೆ ಏನು ಮಾಡಬೇಕು? ಮೊದಲು ತಾರೆಯರು. ಸತ್ತ ಮೇಲೆ ಬಂದು ಕಣ್ಣೊರೆಸುವುದು ಸಾಲದು. ಕಟೌಟು, ಹಾಲಿನ ಅಭಿಷೇಕ ನಡೆಯುವ ಚಿತ್ರಮಂದಿರಕ್ಕೆ ನನ್ನ ಚಿತ್ರ ಕೊಡಬೇಡಿ ಎಂದು ಒಪ್ಪಂದದಲ್ಲಿಯೇ ಬರೆಸಲಿ. ಸಂಭಾವನೆಯ ಬಗ್ಗೆ ಅಷ್ಟು ಷರತ್ತು ಹಾಕಬಲ್ಲವರಿಗೆ ಇದೊಂದು ಷರತ್ತು ಭಾರವಲ್ಲ. 'ಶಿವಮ್ಮ' ಚಿತ್ರಕ್ಕೆ ಹಣ ಹಾಕಿದವರು ರಿಷಬ್ ಶೆಟ್ಟಿ, 'ಫೋಟೋ' ಚಿತ್ರವನ್ನು ಜನರ ಮುಂದಿಟ್ಟವರು ಪ್ರಕಾಶ್ ರಾಜ್. ಹೆಸರಿದ್ದವರು ಮನಸ್ಸು ಮಾಡಿದರೆ ಸಣ್ಣ ಚಿತ್ರಕ್ಕೆ ದಾರಿಯಾಗುತ್ತದೆ ಎಂದಾಯಿತು. ಉಳಿದವರೂ ತಮ್ಮ ಪ್ರತಿ ದೊಡ್ಡ ಚಿತ್ರಕ್ಕೆ ಒಂದು ಸಣ್ಣ ಚಿತ್ರವನ್ನು ಜತೆಗೆ ಹೊತ್ತು ತರಲಿ.

ಸರ್ಕಾರ 2025ರ ಬಜೆಟ್ಟಿನಲ್ಲಿ ಕನ್ನಡ ಚಿತ್ರಗಳಿಗಾಗಿ ತನ್ನದೇ ಓಟಿಟಿ ವೇದಿಕೆಯನ್ನು ಘೋಷಿಸಿತು, ಮೈಸೂರಿನ ಚಿತ್ರನಗರಿಗೆ ನೂರಾರು ಕೋಟಿಯ ಮಾತಾಡಿತು. ಮೈಸೂರಿಗೆ ಕೊಡಿ, ಬೇಡವೆನ್ನುವುದಿಲ್ಲ. ಜತೆಗೆ ತಾಲೂಕಿಗೊಂದು ಸಣ್ಣ ಸಭಾಂಗಣ, ಅದರಲ್ಲೊಂದು ಪ್ರೊಜೆಕ್ಟರ್, ಐವತ್ತು ರೂಪಾಯಿಯ ಟಿಕೆಟ್, ಇಷ್ಟು ಕೊಡಲಿ. ಸಹಾಯಧನ ಪಡೆದ ಪ್ರತಿ ಚಿತ್ರವೂ ಇಂತಿಷ್ಟು ತಾಲೂಕುಗಳಲ್ಲಿ ಪ್ರದರ್ಶನವಾದ ಮೇಲೆಯೇ ಕೊನೆಯ ಕಂತು ಬಿಡುಗಡೆಯಾಗಲಿ. ನಿರ್ದೇಶಕರು ಆ ದಿನ ಬಂದು ಜನರ ಪ್ರಶ್ನೆಗೆ ಉತ್ತರ ಕೊಡಲಿ. ಬೂಸಾನಿನ ತೀರ್ಪುಗಾರರಿಗಿಂತ ಕುಲಗೋಡದ ಮುದುಕಿ ಸುಲಭದವಳಲ್ಲ. ಕೃಷ್ಣನನ್ನೇ ಬಿಡದ ಸೀಮೆಯವಳು ಆಕೆ.

ಕೊನೆಗೆ ನಾವು. ಹೊಸ ಚಿತ್ರಕ್ಕೆ ಚಂದಾ ಎತ್ತುವ ನಮ್ಮ ಹುಡುಗರು ಬುದ್ಧಿಯಿಲ್ಲದವರೇನಲ್ಲ. ಒಂದೇ ರಾತ್ರಿಯಲ್ಲಿ ಹಣ ಕೂಡಿಸಿ, ಜನ ಸೇರಿಸಿ, ಇಪ್ಪತ್ತೈದು ಅಡಿಯ ಚೌಕಟ್ಟು ನಿಲ್ಲಿಸಬಲ್ಲವರು ಅವರು. ಅದೇ ಚಂದಾದಿಂದ ಶಾಲೆಯ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ತಿಂಗಳಿಗೊಂದು ಚಿತ್ರವನ್ನು ಊರಿಗೆ ತೋರಿಸಬಲ್ಲರು. ಅವರನ್ನು ಬೈಯುವುದು ಬಿಟ್ಟು ಈ ಕೆಲಸಕ್ಕೆ ಕರೆಯೋಣ. ಹಾಗೆ ಕರೆಯದೆ, ಮುಂದಿನ ಕಟೌಟಿನ ಕೆಳಗೆ ಮತ್ತೊಬ್ಬ ತಾಯಿ ಎದೆ ಬಡಿದುಕೊಂಡು ಕೂತಾಗ ನಟರನ್ನು ದೂರಿದರೆ ಅದು ಆತ್ಮವಂಚನೆಯಾದೀತು.